ಹಾವಿನ ದ್ವೇಷದ ಸುದ್ದಿ ಬರೆದವನು ನಾನೇ

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ, ಆಮೇಲೆ ಉಳಿದ ಮಾತು.

ಎಂಟು ವರ್ಷದ ಹಿಂದೆ ಹಾವೇರಿ ಜಿಲ್ಲೆಯ ಒಂದು ತಾಲ್ಲೂಕಿನಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ದುಡ್ಡು. ಒಂದು ಹಳ್ಳಿಯಲ್ಲಿ ಗೋವಿನಜೋಳದ ರಾಶಿ ಕಾಯಲು ಮಲಗಿದ್ದ ಹುಡುಗನಿಗೆ ಹಾವು ಕಚ್ಚಿತು. ಬದುಕಿದ. ತಿಂಗಳು ತುಂಬುವುದರೊಳಗೆ ಅದೇ ಕಣದಲ್ಲಿ ಅದೇ ಹುಡುಗನಿಗೆ ಮತ್ತೆ ಕಚ್ಚಿತು. ಮತ್ತೆ ಬದುಕಿದ. ಅದಕ್ಕೂ ಮೊದಲು ಅವನು ಅಲ್ಲಿ ಒಂದು ನಾಗರಹಾವು ಹೊಡೆದಿದ್ದನಂತೆ. ಊರವರು ಹೇಳಿದ್ದನ್ನು ಬರೆದು ಕಳಿಸಿದೆ. "ಬೆನ್ನು ಬಿಡದ ನಾಗರ: ಯುವಕನ ಮೇಲೆ ಹಾವಿನ ಸೇಡು?" ಈ ತಲೆಬರಹವನ್ನು ಡೆಸ್ಕಿನವರು ಹಾಕಿದರು ಅಂತ ಎಷ್ಟೋ ದಿನ ಗೆಳೆಯರಿಗೆ ಹೇಳಿಕೊಂಡು ತಿರುಗಿದ್ದೇನೆ. ಸುಳ್ಳು. ನಾನೇ ಬರೆದು ಕಳಿಸಿದ್ದು. ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟರೆ ಏನು ಬೇಕಾದರೂ ಬರೆಯಬಹುದು ಅಂತ ಡಿಪ್ಲೊಮಾದಲ್ಲಿ ಯಾರೂ ಕಲಿಸಿರಲಿಲ್ಲ, ನಾವೇ ಕಲಿತುಕೊಂಡಿದ್ದೆವು.

ಸುದ್ದಿ ಓಡಿತು. ನಾನು ಬರೆದ ಯಾವ ರಸ್ತೆ, ಯಾವ ಚರಂಡಿ, ಯಾವ ಬೆಳೆ ವಿಮೆಯ ಸುದ್ದಿಯೂ ಅಷ್ಟು ಓಡಿರಲಿಲ್ಲ. ಪೇಪರ್ ಕಟಿಂಗಿನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಊರೂರು ಸುತ್ತಿ, ಕೊನೆಗೆ ನನ್ನ ಅಕ್ಕನ ಗಂಡನೇ "ಓದಿದೇನೋ?" ಅಂತ ನನಗೇ ಕಳಿಸಿದ್ದ.

ಎರಡು ಮಳೆಗಾಲ ಕಳೆಯಿತು. ಬೇರೊಂದು ಹಳ್ಳಿಯಲ್ಲಿ ಹೆಣ್ಣುಮಗಳೊಬ್ಬಳು ತೀರಿಕೊಂಡಳು ಅಂತ ಫೋನ್ ಬಂತು. ಹೋದೆ. ಮೂವತ್ತು ದಾಟಿರದ ವಯಸ್ಸು, ಎರಡು ಸಣ್ಣ ಮಕ್ಕಳು. ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದಳು. ನಸುಕಿನಲ್ಲಿ ಹೊಟ್ಟೆ ನೋವು ಅಂದಳು. ಓಮಿನ ಕಷಾಯ ಕುಡಿಸಿದರು. ಆಮೇಲೆ ಗಂಟಲು ಕಟ್ಟಿದಂತಾಯಿತು, ಕಣ್ಣು ತೆರೆಯಲು ಆಗುತ್ತಿಲ್ಲ ಅಂದಳು. ಹಾಸಿಗೆ ಕೊಡವಿದಾಗ ಹಾವು ಸರಿದು ಹೋಯಿತು. ಆಗ ಬೆಳಗಿನ 7 ಗಂಟೆ. ತಾಲ್ಲೂಕು ಆಸ್ಪತ್ರೆ ಅಲ್ಲಿಂದ ಅರ್ಧ ತಾಸಿನ ದಾರಿ. ಆದರೆ ಮೊದಲು ಪಕ್ಕದ ಊರಿಗೆ ಮಂತ್ರ ಹಾಕಿಸಲು ಹೋದರು. ಅಲ್ಲಿಂದ ನಾಗಪ್ಪನ ಕಟ್ಟೆಗೆ. ಆಸ್ಪತ್ರೆ ಕಡೆ ಹೊರಟಾಗ ಹತ್ತೂವರೆ. ದಾರಿಯಲ್ಲೇ ಉಸಿರು ನಿಂತಿತು.

ಭಾವನಾದವನು ಕಟ್ಟೆಯ ಮೇಲೆ ಕೂತಿದ್ದ. ನಾನು ಪತ್ರಿಕೆಯವನು ಅಂದದ್ದಕ್ಕೆ ಫೋನ್ ತೆಗೆದು ತೋರಿಸಿದ. "ಇದನೂ ಹಂಗ ಆಗೇತ್ರಿ ಸರ. ಹ್ವಾದ ವರ್ಷ ನಮ್ಮ ತಮ್ಮ ಹೊಲದಾಗ ಒಂದು ಹೊಡದಿದ್ದ. ಅದರ ಜೋಡಿ ಬಿಟ್ಟೀತೇನ್ರಿ? ಪೇಪರ್ನ್ಯಾಗ ಬರದಾರ ನೋಡ್ರಿ, ಓದಿದ್ದಿಲ್ಲೇನು?"

ಫೋನಿನಲ್ಲಿ ಇದ್ದದ್ದು ನನ್ನ ಕಟಿಂಗು. ನನ್ನ ಹೆಸರು ಅದರಲ್ಲಿ ಇರಲಿಲ್ಲ, ಸ್ಟ್ರಿಂಗರ್ ಸುದ್ದಿಗೆ ಯಾರು ಹೆಸರು ಹಾಕುತ್ತಾರೆ? ಅವನಿಗೆ ನಾನು ಏನೂ ಹೇಳಲಿಲ್ಲ. ಆ ಮನೆಯವರು ಆಸ್ಪತ್ರೆಗೆ ತಡವಾಗಿ ಹೋದದ್ದಕ್ಕೆ ನನ್ನ ಸುದ್ದಿಯೊಂದೇ ಕಾರಣ ಅಂತ ಹೇಳುತ್ತಿಲ್ಲ. ನಾನು ಹುಟ್ಟುವ ಎಷ್ಟೋ ಮೊದಲೇ ಆ ಮಾತು ಊರಲ್ಲಿತ್ತು. ಆದರೆ ಬಾಯಿಮಾತಾಗಿದ್ದ ಕಥೆಗೆ ಅಚ್ಚಿನ ಮುದ್ರೆ ಒತ್ತಿಕೊಟ್ಟವನು ನಾನು. ಅಂದಿನಿಂದ ಹಾವಿನ ಕಥೆಗಳ ಬೆನ್ನು ಬಿದ್ದಿದ್ದೇನೆ.

ಆ ಹೆಣ್ಣುಮಗಳಿಗೆ ಕಚ್ಚಿದ್ದು ಕಟ್ಟುಹಾವು ಅಂತ ವೈದ್ಯರು ಲಕ್ಷಣ ಕೇಳಿಯೇ ಹೇಳಿದರು. ಮೈ ಕಪ್ಪು, ಅಡ್ಡಡ್ಡ ಬಿಳಿ ಪಟ್ಟೆ. ಹಗಲು ಎಲ್ಲೋ ಬಿದ್ದುಕೊಂಡಿರುತ್ತದೆ, ರಾತ್ರಿ ಹೊರಡುತ್ತದೆ. ನೆಲದಲ್ಲಿ ಮಲಗಿದವರಿಗೆ ಕಚ್ಚಿದರೆ ಎಷ್ಟೋ ಸಲ ಎಚ್ಚರವೂ ಆಗುವುದಿಲ್ಲ. ಹಲ್ಲು ಸಣ್ಣದು, ಗುರುತು ಕಾಣುವುದಿಲ್ಲ, ಬಾವು ಬರುವುದಿಲ್ಲ. ಬೆಳಗಿನ ಜಾವ ಹೊಟ್ಟೆ ನೋವು, ವಾಂತಿ. ಆಮೇಲೆ ರೆಪ್ಪೆ ಜೋತು ಬೀಳುತ್ತದೆ, ಉಗುಳು ನುಂಗಲು ಆಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯು ಸೋಲುತ್ತದೆ. ನೀವು ಇದನ್ನು ಫೋನಿನಲ್ಲಿ ಓದುತ್ತಿದ್ದರೆ ಈ ಪ್ಯಾರಾ ಒಂದನ್ನು ಮನೆಯಲ್ಲಿ ಓದು ಬಾರದವರಿಗೆ ಜೋರಾಗಿ ಓದಿ ಹೇಳಿ. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದವರಿಗೆ ನಸುಕಿನಲ್ಲಿ ಹೊಟ್ಟೆ ನೋವು ಬಂದು ಕಣ್ಣು ಎಳೆಯತೊಡಗಿದರೆ, ಹಾವು ಕಾಣದಿದ್ದರೂ ಆಸ್ಪತ್ರೆಗೆ ಓಡಬೇಕು.

ಈಗ ದ್ವೇಷದ ವಿಷಯ. ಹಾವಿಗೆ ಮುಖ ನೆನಪಿಟ್ಟುಕೊಂಡು ಹನ್ನೆರಡು ವರ್ಷ ಕಾಯುವ ಮಿದುಳಿಲ್ಲ. ಜೋಡಿಯಾಗಿ ಸಂಸಾರ ಮಾಡುವ ಪದ್ಧತಿ ನಾಗರಹಾವಿನಲ್ಲಿ ಇಲ್ಲ. ಕೂಡುವ ಕಾಲದಲ್ಲಿ ಗಂಡು ಹೆಣ್ಣಿನ ವಾಸನೆಯ ಜಾಡು ಹಿಡಿದು ಬರುತ್ತದೆ, ಕೂಡಿ ಹೋಗುತ್ತದೆ, ಅಷ್ಟೇ. ಹಾಗಾದರೆ ಒಂದೇ ಕಣದಲ್ಲಿ ಒಂದು ಸತ್ತ ಮೇಲೆ ಇನ್ನೊಂದು ಬರುವುದು ಯಾಕೆ? ಕಣದಲ್ಲಿ ಗೋವಿನಜೋಳದ ರಾಶಿ ಇದೆ. ರಾಶಿಗೆ ಇಲಿ ಬರುತ್ತದೆ. ಇಲಿಗೆ ಹಾವು ಬರುತ್ತದೆ. ಆ ಹಾವನ್ನು ಹೊಡೆದರೂ ಇಲಿ ಹೋಗಲಿಲ್ಲವಲ್ಲ, ಖಾಲಿಯಾದ ಜಾಗಕ್ಕೆ ಮುಂದಿನ ಹಾವು ಬಂತು. ನಾನು ಸುದ್ದಿ ಬರೆದ ಹುಡುಗ ಅದೇ ರಾಶಿಯ ಪಕ್ಕ ಅದೇ ಜಾಗದಲ್ಲಿ ಮತ್ತೆ ಮಲಗಿದ್ದ. ಆವತ್ತು ನಾನು ರಾಶಿ ನೋಡಿದ್ದೆ, ಅದರ ಪಕ್ಕದ ಹರಕು ಚೀಲ ನೋಡಿದ್ದೆ, ಇಲಿ ಬಿಲವನ್ನೂ ನೋಡಿದ್ದೆ. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಲಿಲ್ಲ. ಯಾಕೆಂದರೆ ಕಥೆ ಆಗಲೇ ಸಿದ್ಧವಾಗಿತ್ತು.

ಸಿದ್ಧ ಕಥೆಯ ಗುಣವೇ ಇದು. ಎದುರಿಗಿರುವುದನ್ನು ನೋಡಬೇಕಾದ ಶ್ರಮ ತಪ್ಪಿಸುತ್ತದೆ.

ಇಷ್ಟು ಹೇಳಿದ ಮೇಲೆ "ಹಳ್ಳಿ ಜನ ಮೂಢನಂಬಿಕೆ ಬಿಡಬೇಕು" ಅಂತ ನಾನು ಶುರು ಮಾಡುತ್ತೇನೆ ಅಂತ ನೀವು ಅಂದುಕೊಂಡಿರಬಹುದು. ಇಲ್ಲ. ಅಂಥ ಭಾಷಣಗಳಿಗೆ ವರದಿಗಾರನಾಗಿ ಕೂತು ಕೂತು ಬೇಸತ್ತವನು ನಾನು. ವೇದಿಕೆಯ ಮೇಲಿನವರು "ಮೂಢ" ಅನ್ನುತ್ತಿದ್ದ ಹಾಗೆ ಕೆಳಗೆ ಕೂತ ಅಜ್ಜಿಯರು ಸೆರಗು ಸರಿಮಾಡಿಕೊಂಡು ಚಹಾ ಯಾವಾಗ ಕೊಡುತ್ತಾರೆ ಅಂತ ನೋಡತೊಡಗುತ್ತಾರೆ. ಅಲ್ಲಿಗೆ ಮುಗಿಯಿತು.

ಅಲ್ಲದೆ ಅಜ್ಜಿಯರ ಕಥೆಯಲ್ಲಿ ಬರೀ ಮೂಢತನ ಇಲ್ಲ. ಪಂಚಮಿಯನ್ನೇ ನೋಡಿ. ಶ್ರಾವಣದ ಶುದ್ಧ ಪಂಚಮಿ ಬರುವುದು ಮಳೆಗಾಲದ ನಡುವೆ. ಆ ದಿನ ನೆಲ ಅಗೆಯಬಾರದು, ನೇಗಿಲು ಹೂಡಬಾರದು ಅಂತ ನಮ್ಮ ಕಡೆ ಕಟ್ಟಳೆ. ಬಿಲಗಳಿಗೆ ನೀರು ನುಗ್ಗಿ ಹಾವುಗಳು ಹೊರಗೆ ಓಡಾಡುವ ಕಾಲವೂ ಅದೇ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಅಂತ 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಅದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಆಗಿವೆ, ಬಹುಪಾಲು ಹಳ್ಳಿಗಳಲ್ಲಿ. ವಿಜ್ಞಾನಿಗಳು ಲೆಕ್ಕ ಹಾಕಿ ಹೇಳಿದ ತಿಂಗಳನ್ನು ನಮ್ಮ ಹಬ್ಬ ಮೊದಲೇ ಗುರುತು ಹಾಕಿಟ್ಟಿತ್ತು. ಹಾವಿನ ಭಯ, ಹಾವಿನ ಗೌರವ, ಎರಡನ್ನೂ ಒಂದೇ ದಿನ ನೆನಪಿಸುವ ಹಬ್ಬ ಅದು.

ಅದೇ ಹಬ್ಬದ ಇನ್ನೊಂದು ಮುಖವನ್ನು ಬಸವಣ್ಣನವರು 12ನೇ ಶತಮಾನದಲ್ಲೇ ವಚನವೊಂದರಲ್ಲಿ ಹಿಡಿದಿದ್ದಾರೆ. ಕಲ್ಲಿನ ನಾಗರಕ್ಕೆ ಹಾಲೆರೆಯುವ ಜನ ಜೀವ ಇರುವ ನಾಗರವನ್ನು ಕಂಡರೆ ಕೊಲ್ಲು ಅನ್ನುತ್ತಾರಲ್ಲ ಅಂತ ಅವರು ಕೇಳಿದ್ದು ಶಾಲೆಗೆ ಹೋದ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಪಂಚಮಿ ಮುಗಿದ ಮರುದಿನ ಹಿತ್ತಲಲ್ಲಿ ಕೇರೆಹಾವು ಕಂಡರೆ ಬಡಿಗೆ ಹುಡುಕುತ್ತೇವೆ. ಕೇರೆಗೆ ವಿಷ ಇಲ್ಲ, ಇಲಿ ತಿಂದು ರೈತನ ಕಾಳು ಉಳಿಸುವ ಹಾವು ಅದು. ಪಾಪ, ಅದಕ್ಕೊಂದು ಒಳ್ಳೆ ಕಥೆ ಯಾರೂ ಕಟ್ಟಲಿಲ್ಲ. ನಾಗರಕ್ಕೆ ಶಿವನ ಕೊರಳು ಸಿಕ್ಕಿತು, ವಿಷ್ಣುವಿಗೆ ಆದಿಶೇಷನ ಹಾಸಿಗೆ ಆಯಿತು, ಕೇರೆಗೆ ಸಿಕ್ಕಿದ್ದು ನಾಗರದ ಜೊತೆ ಕೂಡುತ್ತದೆ ಅನ್ನುವ ಸುಳ್ಳು ಅಪವಾದ ಮಾತ್ರ.

ಮಣ್ಣುಮುಕ್ಕ ಹಾವಿನ ಕಥೆ ಇನ್ನೂ ಕೆಟ್ಟದ್ದು. ಬಾಲ ಮೊಂಡಾಗಿದೆ, ತಲೆಯ ಹಾಗೇ ಕಾಣುತ್ತದೆ, ಅಷ್ಟಕ್ಕೇ ಅದು "ಎರಡು ತಲೆ ಹಾವು" ಆಯಿತು. ಮನೆಯಲ್ಲಿಟ್ಟರೆ ದುಡ್ಡು ಬರುತ್ತದೆ ಅನ್ನುವ ಕಥೆ ಯಾರು ಹುಟ್ಟಿಸಿದರೋ, ಅದನ್ನು ಲಕ್ಷಗಟ್ಟಲೆಗೆ ಮಾರುತ್ತೇವೆ ಅಂತ ಹೊರಟು ಸಿಕ್ಕಿಬಿದ್ದವರ ಸುದ್ದಿ ಪೊಲೀಸ್ ಠಾಣೆಯಿಂದ ನಮಗೆ ಆಗಾಗ ಬರುತ್ತಲೇ ಇರುತ್ತದೆ. ಯಾರಿಗೂ ಕಚ್ಚದ, ಮಣ್ಣೊಳಗೆ ಇರುವ ಬಡಪ್ರಾಣಿ. ಜನ ಅದನ್ನು ದ್ವೇಷಿಸುವುದೂ ಇಲ್ಲ, ಹೆದರುವುದೂ ಇಲ್ಲ. ಅದೃಷ್ಟ ಅನ್ನುವ ಒಂದೇ ಮಾತು ಅದರ ಜೀವ ತೆಗೆಯುತ್ತಿದೆ.

ಕಥೆ ಕಾಪಾಡಿದ್ದೂ ಉಂಟು. ಕರಾವಳಿಯಲ್ಲಿ ನಾಗಬನ ನೋಡಿದವರಿಗೆ ಗೊತ್ತು. ಸುತ್ತ ಎಲ್ಲ ಮನೆ, ತೋಟ ಆದರೂ ಬನದ ಮರಕ್ಕೆ ಯಾರೂ ಕೊಡಲಿ ಹಾಕುತ್ತಿರಲಿಲ್ಲ. ನಾಗ ಅಲ್ಲಿದ್ದಾನೆ ಅನ್ನುವ ಕಥೆಯೇ ಬೇಲಿ. ಈಗ ಹಲವು ಕಡೆ ಅದೇ ಬನದ ಮರ ಕಡಿದು, ನೆಲಕ್ಕೆ ಕಾಂಕ್ರೀಟು ಹಾಕಿ, ಕಲ್ಲಿನ ನಾಗನಿಗೆ ಚಂದದ ಕಟ್ಟೆ ಕಟ್ಟಿದ್ದಾರೆ. ಪೂಜೆ ಮೊದಲಿಗಿಂತ ಜೋರು. ನಿಜವಾದ ಹಾವು ಬಂದರೆ ಅದಕ್ಕೆ ಸೇರಿಕೊಳ್ಳಲು ಒಂದು ಬೇರಿನ ಸಂದಿ ಇಲ್ಲ. ಮಲೆನಾಡಿನ ಕಾಳಿಂಗ ಸರ್ಪದ ಕಥೆ ಸ್ವಲ್ಪ ಸಮಾಧಾನದ್ದು. ಅಷ್ಟು ಉದ್ದದ, ಅಷ್ಟು ವಿಷದ ಹಾವು ಅಡಿಕೆ ತೋಟಕ್ಕೆ ಬಂದರೂ ಅಲ್ಲಿಯ ಎಷ್ಟೋ ಜನ ಹೊಡೆಯುವುದಿಲ್ಲ, ಹಿಡಿದು ಕಾಡಿಗೆ ಬಿಡುವವರನ್ನು ಕರೆಯುತ್ತಾರೆ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಅಂತ ತೋರಿಸಿ, ಅದರ ವೈಜ್ಞಾನಿಕ ಹೆಸರಿನಲ್ಲೂ "ಕಾಳಿಂಗ" ಅನ್ನುವ ನಮ್ಮ ಮಾತನ್ನೇ ಇಟ್ಟರು. ಈಗ ಜಗತ್ತಿನ ಯಾವ ಮೂಲೆಯ ವಿಜ್ಞಾನಿ ಅದರ ಹೆಸರು ಬರೆದರೂ ಕನ್ನಡದ ಪದ ಬರೆಯಬೇಕು.

ಇನ್ನು ಸಿನಿಮಾ. ನಮ್ಮ ತಲೆಯೊಳಗಿನ ಹಾವಿನ ಅರ್ಧಭಾಗ ಅಜ್ಜಿಯದ್ದಲ್ಲ, ಸಿನಿಮಾದ್ದು. 1976ರ ಹಿಂದಿ "ನಾಗಿನ್" ಚಿತ್ರದಲ್ಲಿ ಗಂಡನ್ನು ಕೊಂದವರನ್ನು ಹೆಣ್ಣು ನಾಗಿನಿ ಒಬ್ಬೊಬ್ಬರನ್ನಾಗಿ ಹುಡುಕಿ ಕೊಲ್ಲುತ್ತದೆ. ಆ ಎಳೆ ಆಮೇಲೆ ಎಷ್ಟು ಭಾಷೆಗೆ, ಎಷ್ಟು ಸೀರಿಯಲ್ಲಿಗೆ ಬಂತೋ. ಕನ್ನಡದ 1972ರ "ನಾಗರಹಾವು" ಚಿತ್ರದಲ್ಲಿ ಹಾವು ಅಂದರೆ ಹುಡುಗನೊಬ್ಬನ ಸಿಟ್ಟು, ಅವನ ಸ್ವಭಾವ. ಅದನ್ನು ನೋಡಿದ ಯಾರೂ ಹಾವಿಗೆ ಹೆದರಲಿಲ್ಲ. ಸಂಜೆ ಏಳರ ಸೀರಿಯಲ್ಲಿನ ನಾಗಿಣಿ ಹಾಗಲ್ಲ, ಪಡಸಾಲೆಯಲ್ಲೇ ಇದ್ದಾಳೆ. ಕಚ್ಚಿದ ಜಾಗಕ್ಕೆ ಬ್ಲೇಡು ಹಾಕಿ ಬಾಯಿಯಿಂದ ವಿಷ ಹೀರಿ ಉಗುಳುವ ಹೀರೋನನ್ನು ನೋಡಿ ಅದನ್ನೇ ಮಾಡಲು ಹೋದವರನ್ನು ನಾನು ಆಸ್ಪತ್ರೆಯಲ್ಲಿ ಕಂಡಿದ್ದೇನೆ. ಕೊಯ್ಯಬಾರದು, ಹೀರಬಾರದು, ಹಗ್ಗದಿಂದ ಬಿಗಿದು ಕಟ್ಟಬಾರದು. ಕಾಲುಂಗುರ, ಬಳೆ, ಉಡದಾರ ತೆಗೆದು, ಕಚ್ಚಿದ ಕೈಯೋ ಕಾಲೋ ಅಲುಗದಂತೆ ಪಟ್ಟಿ ಇಟ್ಟು, ನಡೆಸದೆ ಕರೆದೊಯ್ಯಬೇಕು. ಹೀರೋ ಇಷ್ಟು ಮಾಡಿದರೆ ಸಿನಿಮಾ ಓಡುವುದಿಲ್ಲ, ಒಪ್ಪಿದೆ.

ಮಂತ್ರ ಹಾಕುವವರ ಮಾತಿಗೆ ಬರೋಣ. ಅವರೆಲ್ಲ ಮೋಸಗಾರರು ಅಂತ ನನಗೆ ಅನ್ನಿಸುವುದಿಲ್ಲ. ನಾನು ಮಾತಾಡಿಸಿದ ಒಬ್ಬರು ಯಾರಿಂದಲೂ ಒಂದು ರೂಪಾಯಿ ಮುಟ್ಟಿದವರಲ್ಲ, ನಡುರಾತ್ರಿ ಬಂದರೂ ಎದ್ದು ಕೂರುತ್ತಿದ್ದರು. "ನೂರಾರು ಮಂದಿ ಉಳದಾರ ತಮ್ಮಾ" ಅಂದರು. ಉಳಿದಿರುವುದು ನಿಜ. ಊರ ಸುತ್ತ ಕಚ್ಚುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ವಿಷದ ಹಾವು ಕೂಡ ಕೆಲವು ಸಲ ಕಚ್ಚುತ್ತದೆ, ವಿಷ ಬಿಡುವುದಿಲ್ಲ. ಅಂಥವರು ಮಂತ್ರ ಹಾಕಿದರೂ ಉಳಿಯುತ್ತಾರೆ, ಹಾಕದಿದ್ದರೂ ಉಳಿಯುತ್ತಾರೆ. ಉಳಿದವರು ಜಾತ್ರೆಯಲ್ಲಿ, ಮದುವೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ತಮ್ಮ ಕಥೆ ಹೇಳುತ್ತಾರೆ. ಸತ್ತವರು ಬಂದು ಹೇಳುವುದಿಲ್ಲ. ಅವರ ಮನೆಯವರು "ಆಯುಷ್ಯ ಅಷ್ಟೇ ಇತ್ತು" ಅಂತ ಸುಮ್ಮನಾಗುತ್ತಾರೆ.

ಆಸ್ಪತ್ರೆಯಲ್ಲಿ ಔಷಧ ಹಾಕಿಸಿಕೊಂಡು ಬದುಕಿದವರೂ ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಕಥೆಯನ್ನು ಯಾರೂ ಹೇಳುವುದಿಲ್ಲ. ಸಲೈನ್ ಬಾಟಲಿ, ಖಾಟು, ನರ್ಸ್ ಬೈದದ್ದು, ನಾಲ್ಕು ದಿನಕ್ಕೆ ಡಿಸ್ಚಾರ್ಜ್. ಇದರಲ್ಲಿ ಹೇಳುವಂಥದ್ದು ಏನಿದೆ ಅಂತ ಅವರಿಗೇ ಅನ್ನಿಸುತ್ತದೆ. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದು ಇದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಅವಳು ಯಾರಿಗೂ ಹೇಳಲಿಲ್ಲ. ಒಳಗೇ ಉಸಿರು ಕಟ್ಟಿದ ಅವು ಒಂದು ದಿನ ಹೊರಗೆ ಹಾರಿ ಗಂಡಸಿನ ಅಂಗಿ, ಕೆರ ಆಗಿ ಮನೆ ಬಾಗಿಲಲ್ಲಿ ಕೂತು, ಗಂಡ ಹೆಂಡಿರ ನಡುವೆ ಜಗಳ ತಂದಿಟ್ಟವು. ಗಿರೀಶ ಕಾರ್ನಾಡರು ಈ ಕಥೆಯನ್ನೂ, ಗಂಡನ ರೂಪದಲ್ಲಿ ಬರುವ ನಾಗನ ಕಥೆಯನ್ನೂ ಸೇರಿಸಿಯೇ "ನಾಗಮಂಡಲ" ನಾಟಕ ಬರೆದದ್ದು. ಹಾವಿಗೆ ಸೇಡು ಗೊತ್ತಿಲ್ಲ ಅಂದೆ. ಹೇಳದೆ ಬಿಟ್ಟ ಕಥೆಗೆ ಗೊತ್ತಿರಬಹುದು.

ಒಂದು ಪದದ ವಿಷಯ ಹೇಳದೆ ಮುಂದೆ ಹೋಗಲಾರೆ. ನಮ್ಮ ಕಡೆ ರಾತ್ರಿ ಹೊತ್ತು "ಹಾವು" ಅನ್ನುವುದಿಲ್ಲ. ಕರೆದ ಹಾಗೆ ಆಗುತ್ತದಂತೆ. "ಹುಳ" ಅನ್ನುತ್ತೇವೆ. "ಕಚ್ಚಿತು" ಅಂತಲೂ ಅನ್ನುವುದಿಲ್ಲ, "ಮುಟ್ಟಿತು." ಒಂದು ರಾತ್ರಿ ಆಸ್ಪತ್ರೆಯಲ್ಲಿ ಬೇರೆ ಭಾಗದಿಂದ ಬಂದ ಹೊಸ ಡಾಕ್ಟರ್ ಒಬ್ಬರು ಡ್ಯೂಟಿಯಲ್ಲಿದ್ದರು. ಮುದುಕ ಮಗನನ್ನು ಕರೆತಂದು "ಹುಳ ಮುಟ್ಟೇತ್ರಿ" ಅಂದ. ಡಾಕ್ಟರ್ ಅಲರ್ಜಿಗೆ ಇಂಜೆಕ್ಷನ್ ಬರೆಯಲು ಪೆನ್ನು ತೆಗೆದರು. ಪುಣ್ಯಕ್ಕೆ ಪಕ್ಕದಲ್ಲಿದ್ದ ಊರಿನ ನರ್ಸ್ "ಸರ್, ಅವರು ಹೇಳ್ತಿರೋದು ಸ್ನೇಕ್" ಅಂದರು. ಆಸ್ಪತ್ರೆ ಬಾಗಿಲು ದಾಟಿದ ಮೇಲಾದರೂ ಹಾವು ಅಂತಲೇ ಹೇಳಿ. ಹೆಸರು ಹೇಳಿದರೆ ಅದು ಬರುವುದಿಲ್ಲ, ಹೊರಗೆ ಕಾಣುವ ಕಿವಿಯೇ ಅದಕ್ಕಿಲ್ಲ. ನೆಲದ ಅದುರು ಅದಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಕತ್ತಲಲ್ಲಿ ಹೆಜ್ಜೆ ಸಪ್ಪಳ ಮಾಡುತ್ತ, ಕೋಲು ಕುಟ್ಟುತ್ತ ನಡೆಯಿರಿ ಅಂತ ಹಿರಿಯರು ಹೇಳುವುದು ಅದಕ್ಕೇ ಸರಿಯಾಗಿದೆ.

ನಾನು ಇಷ್ಟೆಲ್ಲ ಓದಿ, ಕೇಳಿ, ಬರೆದು ಒಂದು ಮನೆಯವರ ಮನಸ್ಸನ್ನೂ ಬದಲಿಸಿರಲಿಲ್ಲ. ಬದಲಿಸಿದವಳು ಒಬ್ಬ ಆಶಾ ಕಾರ್ಯಕರ್ತೆ. ಮೂರು ವರ್ಷದ ಹಿಂದಿನ ಮಾತು. ಏಳು ವರ್ಷದ ಹುಡುಗನಿಗೆ ಹೊಲದ ಬದುವಿನಲ್ಲಿ ಕೊಳಕುಮಂಡಲ ಕಚ್ಚಿತ್ತು. ಕಾಲು ಆಗಲೇ ಬಾತಿತ್ತು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಆಸ್ಪತ್ರೆಗೆ ಒಯ್ಯಬೇಡಿ, ಕಚ್ಚಿದ ನಾಗಪ್ಪನೇ ಬಂದು ವಿಷ ತಿರುಗಿ ಹೀರಬೇಕು, ಮಂತ್ರ ಹಾಕುವವರು ಕರೆಸುತ್ತಾರೆ ಅಂತ ಹಟ. ಈ ಕಥೆ ನೀವೂ ಕೇಳಿರುತ್ತೀರಿ. ಮಂತ್ರಕ್ಕೆ ಸಿಕ್ಕ ಹಾವು ಎಲ್ಲಿದ್ದರೂ ತೆವಳಿಕೊಂಡು ಬಂದು, ಕಚ್ಚಿದ ಜಾಗಕ್ಕೆ ಬಾಯಿಟ್ಟು, ತನ್ನ ವಿಷ ತಾನೇ ಹಿಂದಕ್ಕೆ ತೆಗೆದುಕೊಂಡು ಹೋಗುತ್ತದೆ.

ಆಶಾ ಅಕ್ಕ ವಾದಕ್ಕೆ ನಿಲ್ಲಲಿಲ್ಲ. "ಹೌದ ಯವ್ವಾ, ಅವನ ಬರಬೇಕು. ಬಂದು ಕುಂತಾನ. ದವಾಖಾನ್ಯಾಗ ಬಾಟ್ಲಿಯೊಳಗ ಬಂದು ಕುಂತಾನ. ಆ ಔಷಧ ಹಾವಿನ ವಿಷದಿಂದನ ಮಾಡ್ತಾರ. ನಡಿ, ನೀನ ಬಾ, ನೀನ ಕೈಮುಗದು ಹಾಕಸು" ಅಂದಳು.

ಅಜ್ಜಿ ಅವಳ ಮುಖ ನೋಡಿದಳು. "ಖರೇನ?"

"ಖರೇ. ನಿನ್ನ ಮೊಮ್ಮಗನ ಮ್ಯಾಲೆ ಆಣಿ."

108 ಬರುವ ತನಕ ಕಾಯದೆ ಯಾರದೋ ಗಾಡಿಯಲ್ಲಿ ಹೊರಟರು. ಹುಡುಗ ಉಳಿದ. ಹತ್ತು ಬಾಟಲಿ ಔಷಧ ಹೋಯಿತು. ಸಣ್ಣ ಮಗುವಿಗೆ ಅಷ್ಟೊಂದಾ ಅಂತ ನಾನು ಕೇಳಿದ್ದಕ್ಕೆ ಡಾಕ್ಟರ್, "ಹಾವು ಮಗು ಅಂತ ವಿಷ ಕಡಿಮೆ ಬಿಟ್ಟಿರುತ್ತದೆಯೇ?" ಅಂದರು. ದೊಡ್ಡವರಿಗೂ ಮಕ್ಕಳಿಗೂ ಡೋಸ್ ಒಂದೇ.

ಅಕ್ಕ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ ಅನ್ನುವುದು ನನ್ನನ್ನು ಈಗಲೂ ಕಾಡುತ್ತದೆ. ಆ ಔಷಧದ ಹಾದಿ ಯಾವ ಜನಪದ ಕಥೆಗೂ ಕಡಿಮೆ ಇಲ್ಲ. ಚೆನ್ನೈ ಹತ್ತಿರದ ವಡನೆಮ್ಮೇಲಿಯಲ್ಲಿ ಇರುಳಿಗ ಸಮುದಾಯದವರ ಒಂದು ಸಹಕಾರ ಸಂಘ ಇದೆ, 1978ರಿಂದ. ಹಿಂದೆ ಅವರು ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದರು. ಚರ್ಮದ ವ್ಯಾಪಾರ ನಿಷೇಧವಾದ ಮೇಲೆ ಬದುಕು ಬೀದಿಗೆ ಬಂತು. ಹಾವಿನ ತಜ್ಞ ರೋಮುಲಸ್ ವಿಟೇಕರ್ ಜೊತೆ ಸೇರಿ ಸಂಘ ಕಟ್ಟಿದರು. ಈಗ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕನ್ನು ಹಿಡಿಯುತ್ತಾರೆ. ಕೆಲವು ವಾರ ಮಡಕೆಯಲ್ಲಿಟ್ಟು, ವಿಷ ತೆಗೆದು, ಮತ್ತೆ ಬಿಟ್ಟುಬಿಡುತ್ತಾರೆ. ಆ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚುತ್ತಾರೆ. ಕುದುರೆಯ ಮೈ ವಿಷದ ವಿರುದ್ಧ ಹೋರಾಡಲು ಕಲಿಯುತ್ತದೆ. ಅದರ ರಕ್ತದಿಂದ ಆ ಶಕ್ತಿಯನ್ನು ಬೇರ್ಪಡಿಸಿ ಬಾಟಲಿಗೆ ತುಂಬುತ್ತಾರೆ. ನಮ್ಮ ದೇಶದಲ್ಲಿ ಈ ಔಷಧಕ್ಕೆ ಬೇಕಾದ ವಿಷದ ದೊಡ್ಡ ಪಾಲು ಇರುಳಿಗರ ಕೈಯಿಂದಲೇ ಬರುತ್ತದೆ. ಅವರಲ್ಲಿಬ್ಬರಿಗೆ, ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿ ಬಂದ ದಿನ ನಮ್ಮ ಜಿಲ್ಲೆಯಲ್ಲಿ ಎಷ್ಟು ಜನಕ್ಕೆ ತಮ್ಮ ಮನೆಯವರ ಜೀವ ಉಳಿಸಿದ ವಿಷ ಯಾರ ಕೈಯಿಂದ ಬಂತು ಅಂತ ಗೊತ್ತಿತ್ತು? ನಾನೂ ಆ ಸುದ್ದಿ ಬರೆದಿರಲಿಲ್ಲ.

ಅಂದರೆ ಕಚ್ಚಿದ ಹಾವಿನ ಕುಲವೇ ಬಂದು ವಿಷ ಹಿಂದಕ್ಕೆ ತೆಗೆದುಕೊಂಡು ಹೋಗುತ್ತಿದೆ. ಅಜ್ಜಿಯ ಕಥೆಯಲ್ಲಿ ತಪ್ಪಿದ್ದದ್ದು ವಿಳಾಸ ಮಾತ್ರ.

ಅಜ್ಜಿ ಪೂರ್ತಿ ಬದಲಾದಳು ಅಂತ ಬರೆದರೆ ಅದೂ ಒಂದು ಕಟ್ಟುಕಥೆಯಾದೀತು. ಹುಡುಗ ಮನೆಗೆ ಬಂದ ಮರುದಿನ ಹುತ್ತಕ್ಕೆ ಹಾಲೆರೆದು ಬಂದಳು. ಹಾವು ಹಾಲು ಕುಡಿಯುವುದಿಲ್ಲ, ಪಂಚಮಿ ಹೊತ್ತಿಗೆ ಹಾವಾಡಿಗರು ಅದನ್ನು ದಿನಗಟ್ಟಲೆ ನೀರಿಲ್ಲದೆ ಇಟ್ಟಿರುವುದರಿಂದ ಬಾಯಾರಿ ಕುಡಿಯುತ್ತದೆ ಅಂತ ನಾನು ಹೇಳಲು ಹೋದೆ. ಆಶಾ ಅಕ್ಕ ಕಣ್ಣಲ್ಲೇ ಸುಮ್ಮನಿರು ಅಂದಳು. ಹುತ್ತಕ್ಕೆ ಒಂದು ಲೋಟ ಹಾಲು ಎರೆದರೆ ಯಾರ ಜೀವವೂ ಹೋಗುವುದಿಲ್ಲ. ಯಾವ ಕಥೆಯ ಜೊತೆ ಜಗಳ ಆಡಬೇಕು, ಯಾವುದನ್ನು ಬಿಡಬೇಕು ಅನ್ನುವುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು.

ಸರ್ಕಾರ ಏನೂ ಮಾಡಿಲ್ಲ ಅನ್ನಲಾರೆ. 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಸರ್ಕಾರಿ ಇರಲಿ ಖಾಸಗಿ ಇರಲಿ, ಆಸ್ಪತ್ರೆಯವರು ಪ್ರತಿ ಕೇಸನ್ನೂ ಸರ್ಕಾರಕ್ಕೆ ತಿಳಿಸಬೇಕು. ಅದರ ಮರುತಿಂಗಳು ಕೇಂದ್ರ ಸರ್ಕಾರ 2030ರೊಳಗೆ ಸಾವನ್ನು ಅರ್ಧಕ್ಕೆ ಇಳಿಸುವ ಯೋಜನೆ ಪ್ರಕಟಿಸಿತು. ಕಾಗದದ ಮೇಲೆ ಇದೆಲ್ಲ ಒಳ್ಳೆಯದೇ. ಆದರೆ ಬೆಳಗಿನ 7 ಗಂಟೆಗೆ ಆ ಮನೆಯ ಅಂಗಳದಲ್ಲಿ ನಿಂತವರು ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ಅಂತ ತೀರ್ಮಾನಿಸುವುದು ಅಧಿಸೂಚನೆ ಓದಿ ಅಲ್ಲ. ಅಲ್ಲಿಯ ತನಕ ಅವರ ಕಿವಿಗೆ ಬಿದ್ದ ಕಥೆಗಳ ಮೇಲೆ. ಆ ಕಥೆಗಳ ಪೈಕಿ ಕೆಲವನ್ನು ನಮ್ಮಂಥ ಸ್ಟ್ರಿಂಗರುಗಳು ಬರೆಯುತ್ತೇವೆ.

ಅದಕ್ಕೇ ನನ್ನ ಜೊತೆಗಾರರಿಗೆ ಒಂದು ಮಾತು. ಹಾವು ಕಚ್ಚಿದ ಸುದ್ದಿ ಬಂದರೆ ಎಷ್ಟು ಗಂಟೆಗೆ ಕಚ್ಚಿತು, ಎಷ್ಟು ಗಂಟೆಗೆ ಆಸ್ಪತ್ರೆ ಮುಟ್ಟಿದರು, ನಡುವೆ ಎಲ್ಲಿಗೆ ಹೋಗಿದ್ದರು, ಆಸ್ಪತ್ರೆಯಲ್ಲಿ ಆವತ್ತು ಎಷ್ಟು ಬಾಟಲಿ ಔಷಧ ಇತ್ತು, ಈ ನಾಲ್ಕನ್ನು ಕೇಳಿ ಬರೆಯಿರಿ. ಬದುಕಿ ಬಂದವರಿದ್ದರೆ ಅವರ ಮನೆಗೂ ಹೋಗಿ ಬರೆಯಿರಿ. ಕ್ಲಿಕ್ ಕಡಿಮೆ ಬರುತ್ತದೆ, ನನಗೆ ಗೊತ್ತು. ಓದುವ ನಿಮಗೂ ಒಂದು ಕೆಲಸ ಇದೆ. ಮಳೆ ಹಿಡಿಯುವ ಮೊದಲು ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಾವಿನ ವಿಷಕ್ಕೆ ಔಷಧ ಇದೆಯೇ, ಎಷ್ಟಿದೆ, ಇಲ್ಲಿ ಇಲ್ಲದಿದ್ದರೆ ಯಾವ ಆಸ್ಪತ್ರೆಯಲ್ಲಿದೆ ಅಂತ ಕೇಳಿ ಬನ್ನಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

ಆ ಹೆಣ್ಣುಮಗಳ ಮನೆಗೆ ಕಳೆದ ವರ್ಷ ಮತ್ತೆ ಹೋಗಿದ್ದೆ. ಆ ಕಟಿಂಗು ನಾನು ಬರೆದದ್ದು ಅಂತ ಅವಳ ಭಾವನಿಗೆ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮತ್ತ ಅವಾಗ ಯಾಕ ಹಂಗ ಬರದ್ರಿ?" ಅಂದ. ಜನ ಹಾಗೆ ಹೇಳಿದರು ಅಂದೆ. "ನಾವು ನೀವು ಬರದೀರಿ ಅಂತ ನಂಬಿದ್ವಿ" ಅಂದ.

ಹೊರಡುವಾಗ ನೋಡಿದೆ. ಪಡಸಾಲೆಯಲ್ಲಿ ಎರಡು ಕಬ್ಬಿಣದ ಖಾಟು, ಅದರ ಮೇಲೆ ಸೊಳ್ಳೆ ಪರದೆ, ಅಂಚನ್ನು ಗಾದಿಯ ಕೆಳಗೆ ಸುತ್ತಲೂ ಸಿಕ್ಕಿಸಿದ್ದರು. ಮಕ್ಕಳು ಅದರಲ್ಲಿ ಮಲಗುತ್ತಾರಂತೆ. ಗೋವಿನಜೋಳದ ಚೀಲಗಳು ಹಿತ್ತಲ ಶೆಡ್ಡಿಗೆ ಹೋಗಿದ್ದವು. ಗೋಡೆಯ ಮೇಲೆ ನಾಗಪ್ಪನ ಫೋಟೊ ಇತ್ತು, ಅದರ ಪಕ್ಕ ಮೊಳೆಗೆ ಒಂದು ಟಾರ್ಚು ನೇತು ಹಾಕಿದ್ದರು.